ಹತ್ತೊಂಬತ್ತನೆಯ ಪುಟದ ಗಿಟಾರು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ, ಸಮುದ್ರ ದಾಟಿ ಬಂದಿರುವ ರೆಕಾರ್ಡು ಕಂಪನಿಯ ಅತಿಥಿಗಳೇ, ಭಾಷಣಕ್ಕಿಂತ ಅಡುಗೆಮನೆಯ ವಾಸನೆಗೇ ಹೆಚ್ಚು ಗಮನ ಕೊಟ್ಟಿರುವ ಈ ಗಣಿಯೂರು ಕಿಟ್ವೆಯ ನನ್ನ ಸಭಿಕರೇ, ಮತ್ತು ನಡುವಿನ ಕುರ್ಚಿಯಲ್ಲಿ ಹೊಸ ಕೋಟು ತೊಟ್ಟು ಮದುಮಗನ ಹಾಗೆ ಕೂತಿರುವ, ಕೋತಿ ತಿನ್ನುವ ಎವರಿಸ್ಟೊ ಕಪೆಂಬ್ವಾನೇ,

ನಗಿ, ನಗಿ. ಅವನೂ ನಗುತ್ತಿದ್ದಾನೆ. ದೂರದಿಂದ ಬಂದವರು ಮಾತ್ರ ಗಾಬರಿಯಾಗಿದ್ದಾರೆ. ಅವರಿಗಾಗಿ ಒಂದು ಮಾತು. ಇವನು ಬೆಂಬಾ ಕುಲದವನು, ನಾನು ಎನ್‌ಗೋನಿ. ನಮ್ಮ ಅಜ್ಜಂದಿರು ಈಟಿ ಹಿಡಿದು ಕಾದಾಡಿದರು. ಸಾಕುಸಾಕಾದ ಮೇಲೆ ಎರಡು ಕುಲವೂ ಭಾವ-ಮೈದುನರಾದವು. ಅಂದಿನಿಂದ ಮದುವೆಯಾಗಲಿ, ಸಾವಿನ ಮನೆಯಾಗಲಿ, ಕಂಡಲ್ಲಿ ಒಬ್ಬರನ್ನೊಬ್ಬರು ಹಂಗಿಸಲೇಬೇಕು, ಹಂಗಿಸಿಕೊಂಡವನು ಸಿಟ್ಟಾಗುವಂತಿಲ್ಲ. ನನ್ನ ಮದುವೆಯ ದಿನ ಇವನು ಚರ್ಚಿನ ಬಾಗಿಲಲ್ಲೇ ನನ್ನ ಹೆಂಡತಿಗೆ ಏನಂದ ಗೊತ್ತೇ? “ತಂಗೀ, ಅಡುಗೆ ಮಾಡೋ ತೊಂದ್ರೆ ತಗೋಬೇಡಮ್ಮ. ಇವ್ನು ಹೊಲಕ್ಕೆ ಹೋಗಿ ನಾಕು ಇಲಿ ಹಿಡ್ಕೊಂಡು ಬರ್ತಾನೆ.” ನನ್ನ ಹೆಂಡತಿ ಇವತ್ತಿಗೂ ಅದನ್ನು ನೆನೆದು ನಗುತ್ತಾಳೆ. ನಾನು ನಕ್ಕಿದ್ದು ಕಡಿಮೆ.

ಇರಲಿ. ಇವತ್ತು ಈ ಪುಸ್ತಕವನ್ನು ಬಿಡುಗಡೆ ಮಾಡಲು ನನ್ನನ್ನು ಕರೆದಿದ್ದೀರಿ. ಎವರಿಸ್ಟೊ ಕಪೆಂಬ್ವಾನ ಸಮಗ್ರ ಧ್ವನಿಮುದ್ರಣಗಳ ಪಟ್ಟಿ. ನಲವತ್ತೆರಡು ವರ್ಷ, ಇಪ್ಪತ್ತಾರು ರೆಕಾರ್ಡು ಮತ್ತು ಕ್ಯಾಸೆಟ್ಟು. ಕುಮಾರಿ ಮುಟಿಂಟಾ ಎಂಟು ವರ್ಷ ಊರೂರು ಅಲೆದು ಇದನ್ನು ಬರೆದಿದ್ದಾರೆ. ಒಂದು ರೆಕಾರ್ಡು ಅವರಿಗೆ ಸಿಕ್ಕಿದ್ದು ಯಾರದೋ ಮನೆಯ ನೀರಿನ ಕೊಡದ ಮೇಲೆ, ಮುಚ್ಚಳವಾಗಿ. ಇವನು ಕುಡಿತ ಬಿಟ್ಟ ವರ್ಷ ಎರಡು ಭಕ್ತಿಗೀತೆಯ ಕ್ಯಾಸೆಟ್ಟು, ಮತ್ತೆ ಹಿಡಿದ ವರ್ಷ ಒಂದು ರಾಕ್ ಕ್ಯಾಸೆಟ್ಟು, ಎಲ್ಲವೂ ಇದರಲ್ಲಿದೆ. ಅಂಗಡಿಯವರು ಹಿಂದಕ್ಕೆ ಕಳಿಸಿದವೂ ಇವೆ. ಇಷ್ಟು ಶ್ರದ್ಧೆಯಿಂದ ನಮ್ಮ ಮಕ್ಕಳೂ ನಮ್ಮ ಬಗ್ಗೆ ಬರೆಯುವುದಿಲ್ಲ.

ಹತ್ತೊಂಬತ್ತನೆಯ ಪುಟವನ್ನು ಓದುತ್ತೇನೆ. “ಎರಡನೆಯ ಪಾಳಿ. ಸಾವಿರದ ಒಂಬೈನೂರ ಎಪ್ಪತ್ತೈದು. ಗಿಟಾರು, ಎವರಿಸ್ಟೊ ಕಪೆಂಬ್ವಾ. ಡ್ರಮ್ಮು, ಲೈಟನ್ ಜೆರೆ.” ಲೈಟನ್ ಜೆರೆ ಅಂದರೆ ನಾನೇ. ಈ ಊರಿನಲ್ಲಿ ಆ ಹಾಡು ಗೊತ್ತಿಲ್ಲದವರು ಯಾರಿದ್ದಾರೆ? ಟ್ಯಾಕ್ಸಿಯಲ್ಲಿ ಅದೇ, ಮದುವೆಯಲ್ಲಿ ಅದೇ. ಈ ಅತಿಥಿಗಳು ಸಮುದ್ರ ದಾಟಿ ಬಂದದ್ದೂ ಅದನ್ನು ಮತ್ತೆ ಅಚ್ಚು ಹಾಕಿಸಲಿಕ್ಕೆ. ಆ ನಾಲ್ಕು ನಿಮಿಷದ ಗಿಟಾರಿಗೋಸ್ಕರ.

ಆ ಗಿಟಾರು ಇವನು ನುಡಿಸಿದ್ದಲ್ಲ. ನನ್ನ ತಂಗಿ ಎಸ್ನಾಟ್ ನುಡಿಸಿದ್ದು.

ನೋಡಿದಿರಾ, ಮತ್ತೆ ನಕ್ಕಿರಿ! ಇದೇ ಮಾತನ್ನು ನಾನು ಇಪ್ಪತ್ತು ಸಭೆಗಳಲ್ಲಿ ಹೇಳಿದ್ದೇನೆ, ಇಪ್ಪತ್ತು ಸಲವೂ ನಕ್ಕಿದ್ದೀರಿ. ಭಾವನ ಬಗ್ಗೆ ಭಾವ ಹೇಳಿದ್ದನ್ನು ಯಾರು ನಂಬುತ್ತಾರೆ? ಕುಮಾರಿ ಮುಟಿಂಟಾ ಅವರಿಗೂ ಹೇಳಿದೆ. “ಅಜ್ಜಾ, ನಿಮ್ಮಿಬ್ರ ಕಿತ್ತಾಟನ ನನ್ನ ಪುಸ್ತಕಕ್ಕೆ ತರ್ಬೇಡಿ” ಎಂದು ನಕ್ಕು, ನನಗೆ ಚಹಾ ತರಿಸಿಕೊಟ್ಟರು. ಅವರ ತಪ್ಪೇನೂ ಇಲ್ಲ. ಆದರೆ ಸಭಿಕರೇ, ಇವತ್ತು ನಾನು ನಗಿಸಲು ಬಂದಿಲ್ಲ.

ಅವತ್ತು ಎವರಿಸ್ಟೊಗೆ ಮಲೇರಿಯಾ. ಎನ್‌ಡೋಲಾದ ಸ್ಟುಡಿಯೋ ನಮಗೆ ಸಿಕ್ಕಿದ್ದು ಒಂದೇ ದಿನ. ಬಿಟ್ಟರೆ ಇನ್ನು ಆರು ತಿಂಗಳು. ಆಗ ಈಗಿನ ಹಾಗಲ್ಲ, ಎಲ್ಲರೂ ಒಟ್ಟಿಗೇ ಕೂತು ನುಡಿಸಬೇಕು. ಗಿಟಾರು ಇತ್ತು, ಗಿಟಾರಿನವನು ಇರಲಿಲ್ಲ. ನಾವು ಗೋಡೆ ನೋಡುತ್ತಾ ಕೂತಿದ್ದೆವು. ಎಸ್ನಾಟ್ ನಮಗೆಲ್ಲ ಬೇಯಿಸಿದ ಗೆಣಸು ಕಟ್ಟಿಕೊಂಡು ಜೊತೆಗೆ ಬಂದಿದ್ದಳು. ನಮ್ಮ ಅಭ್ಯಾಸ ನಡೆಯುತ್ತಿದ್ದುದು ನಮ್ಮ ಮನೆಯ ಹಿತ್ತಲಲ್ಲಿ. ಎವರಿಸ್ಟೊ ಗಣಿಗೆ ಇಳಿದಾಗ ಗಿಟಾರು ನಮ್ಮ ಮನೆಯಲ್ಲೇ ಇರುತ್ತಿತ್ತು. ತಂತಿ ಯಾಕೆ ಇಷ್ಟು ಬೇಗ ಸವೆಯುತ್ತದೆ ಎಂದು ಇವನು ನನ್ನನ್ನು ಬಯ್ಯುತ್ತಿದ್ದ. ನನಗೂ ಗೊತ್ತಿರಲಿಲ್ಲ.

“ಅಣ್ಣಾ, ನಾನು ನುಡಿಸ್ಲಾ?”

“ನೀನಾ? ಹೋಗು, ಗೆಣಸು ಸುಲಿ.”

ಧ್ವನಿ ಹಿಡಿಯುವ ಯಂತ್ರದ ಮುಂದೆ ಕೂತಿದ್ದ ಮುದುಕ ಹೇಳಿದ: “ಗೋಡೆ ನೋಡೋ ಬದ್ಲು ಆ ಹುಡುಗಿ ನುಡಿಸ್ಲಿ ಬಿಡ್ರಯ್ಯ. ಟೇಪು ಹಾಳಾದ್ರೆ ನಿಮ್ಮಪ್ಪನ ಗಂಟೇನು ಹೋಗುತ್ತೆ?”

ಅವಳು ಸೊಂಟದ ಬಟ್ಟೆಗೆ ಕೈ ಒರೆಸಿಕೊಂಡು ಕೂತಳು. ಒಂದೇ ಸಲ ನುಡಿಸಿದಳು. ಆ ಹಾಡಿನ ಮೂರನೆಯ ನಿಮಿಷದಲ್ಲಿ ಡ್ರಮ್ಮು ನಿಂತುಹೋಗುತ್ತದೆ, ಗಮನಿಸಿದ್ದೀರಾ? ಈ ಪುಸ್ತಕ ಅದನ್ನು “ಧೈರ್ಯದ ಪ್ರಯೋಗ” ಎಂದು ಹೊಗಳಿದೆ. ಸ್ವಾಮೀ, ಅದು ಪ್ರಯೋಗವಲ್ಲ. ನನ್ನ ತಂಗಿಯನ್ನು ನೋಡುತ್ತಾ ಬೆಪ್ಪಾಗಿ ಕೂತಿದ್ದೆ, ಬಾರಿಸುವುದೇ ಮರೆತುಹೋಗಿತ್ತು.

ಎವರಿಸ್ಟೊ ಹುಷಾರಾಗಿ ಬಂದು ಕೇಳಿದ. ಎರಡು ಸಲ ಹಾಕಿಸಿ ಕೇಳಿದ. “ಯಾರೋ ಇದು?” ಅಂದ. ಹೇಳಿದೆ. ಮೂರನೆಯ ಸಲ ಹಾಕಿಸಿದ. ಆಮೇಲೆ ಎರಡು ತಿಂಗಳು ರೆಕಾರ್ಡಿನ ಪಕ್ಕ ಕೂತು ಆ ನಾಲ್ಕು ನಿಮಿಷವನ್ನು ಕಲಿತ. ತನ್ನ ಹೆಸರಿನ ಹಾಡನ್ನು ತಾನೇ ಕಂಠಪಾಠ ಮಾಡಿದ ಕಲಾವಿದ ಜಗತ್ತಿನಲ್ಲಿ ಇವನೊಬ್ಬನೇ ಇರಬೇಕು. ಕೊನೆಯಲ್ಲಿ ಬರುವ ತಂತಿಯ ಎಳೆತ ಇವತ್ತಿಗೂ ಅವನಿಗೆ ಕೂತಿಲ್ಲ. ಹೌದಲ್ಲವೇನೋ?

ಆದರೆ ರೆಕಾರ್ಡಿನ ಹೊದಿಕೆಯ ಮೇಲೆ ಅಚ್ಚಾಗಬೇಕಾದ ಹೆಸರುಗಳನ್ನು ಬರೆದುಕೊಟ್ಟವನು ಎವರಿಸ್ಟೊ ಅಲ್ಲ. ನಾನು. ನಮ್ಮ ಅಪ್ಪ ಚರ್ಚಿನ ಹಿರಿಯರು. ತಂಗಿ ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದಳು. ಹೆಂಡದಂಗಡಿಯಲ್ಲಿ ಹಾಕುವ ರೆಕಾರ್ಡಿನ ಮೇಲೆ ಅವಳ ಹೆಸರು ಬಂದರೆ ಕಾಲೇಜಿನವರು ಹೊರಗೆ ಹಾಕುತ್ತಾರೆ, ಅವಳ ಒಳ್ಳೆಯದಕ್ಕೇ ಬಿಟ್ಟೆ, ಎಂದು ಮನೆಯಲ್ಲಿ ಹೇಳಿದೆ. ಕೇಳಲು ಚೆನ್ನಾಗಿದೆ, ಅಲ್ಲವೇ? ಅವಳು ಒಂದು ಚೀಟಿಯಲ್ಲಿ ತನ್ನ ಹೆಸರು ಬರೆದು ನನ್ನ ಕೈಗೆ ಕೊಟ್ಟಿದ್ದಳು. “ಅಪ್ಪ ಬೈದ್ರೆ ನಾನು ಬೈಸ್ಕೋತೀನಿ ಅಣ್ಣಾ, ನೀನು ಕೊಡು” ಎಂದಿದ್ದಳು. ನಾನು ಕೊಡಲಿಲ್ಲ. ಐದು ವರ್ಷದಿಂದ ಡ್ರಮ್ಮು ಬಾರಿಸುತ್ತಿದ್ದೆ. ಒಬ್ಬನಾದರೂ ಬಂದು ನಿನ್ನ ಹೆಸರೇನಪ್ಪಾ ಎಂದು ಕೇಳಿರಲಿಲ್ಲ. ಅವಳು ಒಂದು ಮಧ್ಯಾಹ್ನ ಕೂತು, ಗೆಣಸಿನ ಕೈಯಲ್ಲಿ...

ಕ್ಷಮಿಸಿ. ಇದನ್ನು ನಾನು ಬರೆದುಕೊಂಡು ಬಂದಿರಲಿಲ್ಲ. ಬಾಯಿಗೆ ಬಂತು, ಇರಲಿ. ಹೊಟ್ಟೆಕಿಚ್ಚಿಗೆ ಬೇರೆ ಹೆಸರಿಡುವ ವಯಸ್ಸು ದಾಟಿದೆ.

ಅವಳು ಮತ್ತೆ ಗಿಟಾರು ಮುಟ್ಟಲಿಲ್ಲ. ಮೂವತ್ತೊಂದು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟಳು. ಈ ಸಭೆಯಲ್ಲಿ ಅವಳ ಕೈಯಲ್ಲಿ ಏಟು ತಿಂದವರು ಎಷ್ಟು ಜನ ಇದ್ದೀರೋ! ನಾನು ಮಾತ್ರ ಸಭೆ ಸಿಕ್ಕಲ್ಲೆಲ್ಲ ನಿಜವನ್ನು ತಮಾಷೆ ಮಾಡಿ ಹೇಳುತ್ತಾ ಬಂದೆ. ಹೇಳಿದೆನಲ್ಲ ಎಂಬ ಸಮಾಧಾನ ನನಗೆ, ನಗು ನಿಮಗೆ. ಅವಳಿಗೇನು ಸಿಕ್ಕಿತು? ಕಳೆದ ತಿಂಗಳು ಅಚ್ಚಿನ ಕರಡು ಮನೆಗೆ ಬಂದಾಗ ಅವಳು ಕನ್ನಡಕ ಹಾಕಿಕೊಂಡು ಹತ್ತೊಂಬತ್ತನೆಯ ಪುಟ ಓದಿದಳು. “ಕಾಗುಣಿತ ತಪ್ಪಿಲ್ಲ ಅಣ್ಣಾ, ಚೆನ್ನಾಗಿದೆ” ಎಂದು ಮಡಿಸಿ ಕೊಟ್ಟಳು. ಅವತ್ತಿನಿಂದ ನನಗೆ ಊಟ ಸೇರಿಲ್ಲ.

ಹೋದ ಭಾನುವಾರ ಎವರಿಸ್ಟೊನ ಮನೆಗೆ ಹೋಗಿ, ಸಭೆಯಲ್ಲಿ ಹೇಳುತ್ತೇನೆ ಎಂದೆ. “ನಲವತ್ತು ವರ್ಷದಿಂದ ಹೇಳ್ತಾನೇ ಇದೀಯಲ್ಲೋ ಇಲಿಬಾಕ, ಯಾರು ನಂಬಿದಾರೆ? ಹೋಗು, ಹೇಳ್ಕೋ” ಎಂದ. ನೀನೂ ಒಂದು ಮಾತು ಹೇಳಬಹುದಲ್ಲೋ ಎಂದೆ. ಅವನು ಅಂಗಳದ ಕೋಳಿಗಳ ಕಡೆ ನೋಡಿದ.

ಈ ಪುಸ್ತಕದ ಕಟ್ಟಿನ ರಿಬ್ಬನ್ನು ಕತ್ತರಿಸಲು ನನ್ನ ಕೈಗೆ ಕತ್ತರಿ ಕೊಟ್ಟಿದ್ದೀರಿ. ಅಧ್ಯಕ್ಷರೇ, ನಾನು ಕತ್ತರಿಸುವುದಿಲ್ಲ. ಹತ್ತೊಂಬತ್ತನೆಯ ಪುಟ ತಿದ್ದುವವರೆಗೆ ಕತ್ತರಿಸುವುದಿಲ್ಲ. ಊಟ ತಣ್ಣಗಾಗಲಿ. ಇಪ್ಪತ್ತಾರರಲ್ಲಿ ಒಂದು ಹೋದರೆ ಎವರಿಸ್ಟೊಗೆ ಇಪ್ಪತ್ತೈದು ಉಳಿಯುತ್ತದೆ. ನನ್ನ ತಂಗಿಯ ಜೀವಮಾನದ ಧ್ವನಿಮುದ್ರಣ ಆ ನಾಲ್ಕು ನಿಮಿಷ, ಅಷ್ಟೇ. ಅದೂ ಅವಳದಲ್ಲ ಎಂದು ಅಚ್ಚು ಹಾಕಿ ನನ್ನ ಕೈಯಿಂದಲೇ ಬಿಡುಗಡೆ ಮಾಡಿಸುತ್ತೀರಾ?

ಶ್ರೀಮಾನ್ ಎವರಿಸ್ಟೊ ಕಪೆಂಬ್ವಾ ಅವರೇ,

ಐವತ್ತು ವರ್ಷದ ಸ್ನೇಹದಲ್ಲಿ ನಿಮ್ಮನ್ನು ‘ನೀವು’ ಎಂದು ಕರೆಯುತ್ತಿರುವುದು ಇದೇ ಮೊದಲು. ಈಗ ನಾನು ನಿಮ್ಮ ಭಾವ ಅಲ್ಲ, ಎಸ್ನಾಟ್‌ಳ ಅಣ್ಣ. ನೀವು ಎದ್ದು ಭಾಷಣ ಮಾಡಬೇಕಾಗಿಲ್ಲ. ನಾನು ಒಂದು ವಾಕ್ಯ ಹೇಳುತ್ತೇನೆ. ನೀವು ನಕ್ಕರೆ ಸಭೆಯೂ ನಗುತ್ತದೆ, ಆಮೇಲೆ ನಾವು ಮೂವರು ಸತ್ತ ಮೇಲೂ ಅದು ತಮಾಷೆಯಾಗಿಯೇ ಇರುತ್ತದೆ. ದಯವಿಟ್ಟು ನಗಬೇಡಿ. ನಾನು ಕೇಳುವುದು ಅಷ್ಟೇ.

‘ಎರಡನೆಯ ಪಾಳಿ’ಯ ಗಿಟಾರು ನುಡಿಸಿದವಳು ಎಸ್ನಾಟ್ ಜೆರೆ.

ಸಭಿಕರೇ, ನನ್ನನ್ನು ನೋಡಬೇಡಿ. ಅವರನ್ನು ನೋಡಿ. ನಗುತ್ತಿಲ್ಲ.

ಎದ್ದರು. ಯಾರಾದರೂ ಕೈ ಹಿಡಿದುಕೊಳ್ಳಿ, ಆ ಮಂಡಿಗೆ ಎರಡು ಸಲ ಆಪರೇಷನ್ ಆಗಿದೆ. ಬೇಡವಂತೆ. ಎಸ್ನಾಟ್ ಕೂತಿರುವ ಮೂರನೆಯ ಸಾಲಿನ ಕಡೆಗೆ ತಿರುಗಿ ಮಂಡಿ ಊರಿದ್ದಾರೆ. ಅಂಗೈ ಬಟ್ಟಲು ಮಾಡಿ ತಟ್ಟುತ್ತಿದ್ದಾರೆ, ನಾವು ನಮ್ಮ ದೊಡ್ಡವರ ಮುಂದೆ ತಟ್ಟುವ ಹಾಗೆ.

ಕುಮಾರಿ ಮುಟಿಂಟಾ, ಪೆನ್ನು ತೆಗೆಯಿರಿ. ಕೇಳಿದ ನಿಮಗೆಲ್ಲ ವಂದನೆಗಳು.

ಎಸ್ನಾಟ್, ಎದ್ದು ನಿಲ್ಲಮ್ಮಾ. ಜನ ನಿನ್ನನ್ನು ನೋಡಲಿ. ನಮಸ್ಕಾರ.