ಮೂಟೆ ಬಟ್ಟೆ

ಆಯ್ತು ಅಂದ್ನಲ್ಲ ಅಕ್ಕ, ಎಷ್ಟು ಸಲ ಹೇಳ್ಲಿ! ನಿನ್ನ ಮಗಳ ಕೋಟು ತಯಾರಾಗಿದೆ, ಇಸ್ತ್ರಿನೂ ಆಗಿದೆ, ಇಗೋ ಈ ಮೇಜಿನ ಮೇಲೇ ಇದೆ. ಮದುವೆಗೆ ಇನ್ನೂ ಒಂದು ವಾರ ಇದೆ, ಈಗಲೇ ಯಾಕೆ ಜೀವ ತಿಂತೀಯ? ಮೊದಲು ಕೂತ್ಕೋ. ಹುಷಾರು, ಆ ಸ್ಟೂಲಿನ ಕಾಲು ಅಲ್ಲಾಡುತ್ತೆ. ಕಣ್ಣು ಮಂಜಾಗಿದೆ, ಆದ್ರೂ ಒಬ್ಬಳೇ ಬೀದಿ ದಾಟ್ಕೊಂಡು ಬಂದಿದೀಯ ನೋಡು... ಮೊಂಡಿ ಅಂದ್ರೆ ಮೊಂಡಿ ನೀನು.

ಯಾಕೆ ನಗ್ತೀಯ? ಅಂಗಡಿಯಲ್ಲಿ ಒಂದು ನರಪಿಳ್ಳೆ ಇಲ್ಲ ಅಂತಾನಾ? ನಗು, ನಗು. ಗಿರಾಕಿಗಳೆಲ್ಲ ಆ ಮೂಟೆ ಅಂಗಡಿ ಮುಂದೆ ಮುಗಿಬಿದ್ದಿದಾರೆ. ಪ್ರವಾಹ ಬಂದಾಗ ಕಡಲಾಚೆಯವರು ತಾವು ಹಾಕಿ ಬಿಟ್ಟ ಬಟ್ಟೆ ಮೂಟೆ ಕಟ್ಟಿ ಕಳಿಸಿದ್ರಲ್ಲ... ಒಳ್ಳೆ ಮನಸ್ಸಿಂದಲೇ ಕಳಿಸಿದ್ರು, ಇಲ್ಲ ಅನ್ನಲ್ಲ. ನೀರು ಇಳೀತು, ಮೂಟೆ ಬರೋದು ಮಾತ್ರ ನಿಲ್ಲಲಿಲ್ಲ! ಪುಕ್ಕಟೆ ಹಂಚಿದ್ದು ಆಮೇಲೆ ಮಾರಾಟಕ್ಕೆ ಬಂತು. ನಾನು ಗುಂಡಿ ಹಾಕೋ ಕೂಲಿಗೆ ಅಲ್ಲಿ ಇಡೀ ಅಂಗೀನೇ ಸಿಗುತ್ತೆ. ಜನಾನ ಬೈದು ಏನು ಪ್ರಯೋಜನ ಹೇಳು? ಅವರಿಗೂ ಮನೆ ನಡೀಬೇಕಲ್ಲ.

ಆಮೇಲೆ ಮೂಟೆ ಹಂಚಿದ ಆ ಸಹಾಯ ಸಂಸ್ಥೆಯವರೇ ಬಂದು ನನ್ನನ್ನ ಬೆಂಚಲ್ಲಿ ಕೂರಿಸಿ ಸ್ವಂತ ಉದ್ಯೋಗದ ತರಬೇತಿ ಕೊಟ್ರು ಅಕ್ಕ! ಸೂಜಿಗೆ ದಾರ ಪೋಣಿಸೋದು ಹೇಗೆ ಅಂತ ಒಂದು ಹುಡುಗಿ ಹೇಳ್ಕೊಟ್ಟಳು. ನನಗೆ! ನಾನೂ ಹೂಂ ಹೂಂ ಅಂತ ತಲೆ ಆಡಿಸ್ದೆ. ಮಧ್ಯಾಹ್ನ ಊಟ ಹಾಕ್ತಿದ್ರು, ಅದಕ್ಕೆ.

ಬಟ್ಟೆ ಹೊಲಿಯೋ ಕಾರ್ಖಾನೆಗಾ? ಹೋಗಿದ್ದೆ, ನಿನಗೆ ಹೇಳಿರ್ಲಿಲ್ಲ. ಕಾರ್ಮಿಕರ ಕಚೇರಿ ಸಾಹೇಬರೇ ಕಳಿಸಿದ್ದು. ‘ಒಬ್ಬೊಬ್ಬರೇ ಕೂತು ಹೊಲಿಯೋ ಕಾಲ ಹೋಯ್ತು, ದೇಶ ಮುಂದೆ ಹೋಗ್ಬೇಕು, ನೀನು ಕಾರ್ಖಾನೆ ಸೇರ್ಕೋ’ ಅಂದ್ರು. ಅಲ್ಲಿ ನನ್ನ ನರೆತ ತಲೆ ನೋಡಿ ಗೇಟಿನಿಂದಲೇ ಸಾಗಹಾಕಿದ್ರು. ವಯಸ್ಸಾದವರು ಬೇಡ್ವಂತೆ. ತಮಾಷೆ ಕೇಳು... ಅಲ್ಲಿ ನಮ್ಮ ಬೀದಿ ಹೆಂಗಸರು ಹೊಲಿದ ಕೋಟು ಕಡಲು ದಾಟುತ್ತೆ. ಅಲ್ಲಿನವರು ಒಂದೆರಡು ಚಳಿಗಾಲ ಹಾಕ್ಕೊಂಡು ಮೂಟೆ ಕಟ್ತಾರೆ. ಅದು ತಿರುಗಿ ನಮಗೇ ದಾನ ಅಂತ ಬರುತ್ತೆ! ...ಈಗ ನಗಲ್ವಾ? ಬಿಡು, ನನಗೂ ನಗು ಬರಲ್ಲ.

ಗೊತ್ತಕ್ಕ. ಅದನ್ನ ನೀನು ಬಾಯಿಬಿಟ್ಟು ಹೇಳ್ಬೇಕಾ? ಇಡೀ ಬೀದಿ ಮೂಟೆ ಬಟ್ಟೆ ಹಾಕ್ಕೊಂಡು ಮೆರೀತಿದ್ರೂ ನೀನು, ನಿನ್ನ ಮಗಳು ಮುಟ್ಟಲಿಲ್ಲ. ‘ನನ್ನ ತಮ್ಮನ ಹೊಟ್ಟೆ ಮೇಲೆ ಹೊಡೆಯೋ ಬಟ್ಟೆ ನಮ್ಮ ಮೈಗೆ ಬೇಡ’ ಅಂದೆ. ಆ ಮಗು ತೇಪೆ ಹಾಕಿದ ಬಟ್ಟೆಯಲ್ಲೇ ಕಾಲೇಜು ಮುಗಿಸ್ತು. ಜೊತೆಯವರು ಆಡ್ಕೊಂಡ್ರೂ ನನ್ನ ಹತ್ರ ಒಂದು ಮಾತು ಅನ್ನಲಿಲ್ಲ. ‘ಮದುವೆ ದಿನ ಮಾವ ಹೊಲಿದ ಕೋಟು ಹಾಕ್ಕೊಳ್ತೀನಿ, ಆಗ ನೋಡ್ಲಿ ಎಲ್ಲರೂ’ ಅಂತಿದ್ಳು.

ತಗೋ, ಮುಟ್ಟಿ ನೋಡು. ಮೆತ್ತಗಿದೆ ಅಲ್ವಾ? ತೋಳು ನೋಡು, ಎಷ್ಟು ಚೆನ್ನಾಗಿ ಕೂತಿದೆ... ಬಟ್ಟೆನಾ? ಒಬ್ಬ ಹಳೇ ವ್ಯಾಪಾರಿ ಕೊಟ್ಟ. ಪರಿಚಯದವನು. ಈಗ ಅದೆಲ್ಲ ಯಾಕೆ?

ಕತ್ತಿನ ಹತ್ರ ಏನು ತಡಕಾಡ್ತಿದೀಯ? ಅಪ್ಪನ ಗಂಟಾ? ಇದೆ, ಇದೆ! ಅದನ್ನ ಮರೀತೀನಾ ನಾನು? ತನ್ನ ಕೈಯಿಂದ ಹೋದ ಒಂದೊಂದು ಬಟ್ಟೆಗೂ ಅಪ್ಪ ಕತ್ತಿನ ಹಿಂದೆ ಒಂದು ಗಂಟು ಹಾಕ್ತಿದ್ದ. ಕಣ್ಣಿಗೆ ಕಾಣಬಾರದು, ಬೆರಳಿಗೆ ಸಿಗಬೇಕು. ನೀನೇ ಅಲ್ವಾ ನನ್ನ ಕೈ ಹಿಡಿದು ಕಲಿಸಿದ್ದು? ಮೊದಲು ಗಂಟು, ಆಮೇಲೆ ಅದರ ಮೇಲೆ ಒಳಗಿನ ಬಟ್ಟೆ, ಅಸ್ತರು, ಮುಚ್ಚಿ...

ಅಕ್ಕ?

ಆತುರ... ಆತುರದಲ್ಲಿ ಗಂಟು ಮರೆತೆ, ಆಮೇಲೆ ಅಸ್ತರಿನ ಮೇಲೇ ಹಾಕ್ದೆ. ಅಷ್ಟೇ. ಅದಕ್ಕೆ ಯಾಕೆ ಮತ್ತೆ ಮತ್ತೆ ಸವರ್ತೀಯ? ಬೆರಳು ತೆಗಿ ಅಲ್ಲಿಂದ. ಬೈಯಾದ್ರೂ ಬೈ!

ಹೌದು. ಅಸ್ತರು ನಾನು ಮುಚ್ಚಿದ್ದಲ್ಲ. ಯಾರು ಮುಚ್ಚಿದ್ರೋ, ಯಾವ ಊರಲ್ಲೋ... ಆ ಮೂಟೆಯವನಿಗೇ ಕೆಲಸ ಮಾಡ್ತಿದೀನಿ ಅಕ್ಕ, ಮಳೆಗಾಲದಿಂದ. ಹರಿದಿದ್ದು ಹೊಲೀತೀನಿ, ಕಲೆ ತೆಗೀತೀನಿ. ಹೊಸ ಬಟ್ಟೆ ಕೊಳ್ಳೋಕೆ ಕೈಯಲ್ಲಿ ಕಾಸಿರ್ಲಿಲ್ಲ. ಆ ಮಗು ಮುಖ ನೋಡಿ ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಮೂಟೆಯಲ್ಲಿ ಇದೊಂದೇ ಚೆನ್ನಾಗಿತ್ತು...

ಏನು ಹುಡುಕ್ತಿದೀಯ? ಕತ್ತರಿನಾ? ಅಲ್ಲೇ, ಬಲಗಡೆ. ಕತ್ತರಿಸು, ಚೂರು ಚೂರು ಮಾಡಿ ನನ್ನ ಮುಖಕ್ಕೆ ಎಸೆ, ನಾನು ತಕರಾರು... ಅಯ್ಯೋ, ಅದನ್ನಲ್ಲ! ಅಕ್ಕ, ಗಂಟು ಬೇಡ! ಆ ಕೋಟಲ್ಲಿ ನಾನು ಹೊಲಿದಿದ್ದು ಅದೊಂದೇ...

ಗಂಟು ಕತ್ತರಿಸಿ ಕೋಟು ಮಡಿಸ್ತಿದೀಯಾ? ಹಾಗಾದ್ರೆ ಮಗು ಹಾಕ್ಕೊಳ್ತಾಳಾ? ...ಹಾಕ್ಕೊಳ್ಳಲಿ, ಅಕ್ಕ. ಅವಳಿಗೆ ಹೇಳ್ಬೇಡ.

ಆ ಗಂಟಿನ ದಾರ ನನ್ನ ಕೈಗೆ ಯಾಕೆ ಕೊಡ್ತಿದೀಯ?