ಲೈಬ್ರರಿ ಮೇಡಂ ಬರೆದ ಎರಡು ಪುಟ

ಹತ್ತಿರ ಬಂದು ಕೂತ್ಕೊಳ್ಳಿ. ಜೋರಾಗಿ ಹೇಳೋ ವಿಷಯ ಅಲ್ಲ ಇದು. ಯಾರೋ ಯಾರಿಗೋ ಹೇಳಿದ್ದೂ ಅಲ್ಲ, ನಮ್ಮ ಚಿಕ್ಕಪ್ಪನ ಮಗನಿಗೇ ಆಗಿದ್ದು. ಅಂಗಿ ಜೇಬಲ್ಲಿ ಸದಾ ಟೆಸ್ಟರ್ ಸಿಕ್ಕಿಸಿಕೊಂಡು ಓಡಾಡ್ತಾನಲ್ಲ, ಅದಕ್ಕೇ ಎಲ್ಲರ ಬಾಯಲ್ಲೂ ಅವನು ಟೆಸ್ಟರ್. ಮನೆಮನೆಗೆ ಹೋಗಿ ಕಂಪ್ಯೂಟರ್ ರಿಪೇರಿ ಮಾಡ್ತಾನೆ. ದೆವ್ವ ಅಂದ್ರೆ ಹೊಟ್ಟೆ ಹಿಡ್ಕೊಂಡು ನಗ್ತಿದ್ದ ಆಸಾಮಿ. ಈಗ ನಗಲ್ಲ.

ಅವತ್ತು ರಾತ್ರಿ ಹನ್ನೊಂದರ ಮೇಲಾಗಿತ್ತು. ಕಂಕುಳಲ್ಲಿ ಒಂದು ಸಿಪಿಯು ಡಬ್ಬಿ ಇಟ್ಕೊಂಡು ನಡೆದು ಮನೆಗೆ ಬರ್ತಿದ್ದ. ಬೀದಿ ಕೊನೆಯಲ್ಲಿ ಹಳೇ ಬಾವಿ ಇದೆ, ಮೇಲೆ ಕಬ್ಬಿಣದ ಜಾಲರಿ. ಅದರ ಪಕ್ಕ ಬಂದಾಗ... ಡಬ್ಬಿಯೊಳಗಿಂದ ಶಬ್ದ.

ಟಕ್... ಟಕ್ ಟಕ್... ಟಕ್.

ಸ್ಕ್ರೂ ಕಳಚಿ ಉರುಳ್ತಿರಬೇಕು ಅಂತ ನಿಂತ. ಅವನು ನಿಂತರೂ ಅದು ನಿಲ್ಲಲಿಲ್ಲ. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದ ಕಿವಿ ಅದು, ಮೋಸ ಹೋಗಲ್ಲ. ಅದು ಕೀಬೋರ್ಡಿನ ಶಬ್ದ. ಒಂದೇ ಬೆರಳಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತುವವರ ಶಬ್ದ. ಕೀಬೋರ್ಡನ್ನ ಅವನು ಡಬ್ಬಿ ತಂದ ಮನೆ ಮೇಜಿನ ಮೇಲೇ ಬಿಟ್ಟು ಬಂದಿದ್ದ. ಡಬ್ಬಿಗೆ ಕರೆಂಟೂ ಇಲ್ಲ, ವೈರೂ ಇಲ್ಲ.

ಹಾಗೆ ಟೈಪ್ ಮಾಡ್ತಿದ್ದವರು ಯಾರು ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದಕ್ಕೇ ಡಬ್ಬಿಯನ್ನ ಮೈಯಿಂದ ದೂರ ಹಿಡಿದಿದ್ದು.

ಲೈಬ್ರರಿ ಮೇಡಂ. ಲೈಬ್ರರಿ ಕೆಲಸದಿಂದ ರಿಟೈರ್ ಆಗಿ ಒಬ್ಬರೇ ಇದ್ದರು. ಒಬ್ಬ ಅಕ್ಕ ಇದ್ದಾರೆ, ನರ್ಸ್ ಆಗಿದ್ದವರು. ತಾಯಿ ತೀರಿಕೊಂಡ ದಿನ ಇಬ್ಬರಿಗೂ ಏನೋ ಮಾತು ಬಂತಂತೆ, ಆಮೇಲೆ ಹನ್ನೊಂದು ವರ್ಷ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಅವತ್ತಿಗೆ ಒಂದು ತಿಂಗಳ ಹಿಂದೆ ಮೇಡಂ ಟೆಸ್ಟರ್‌ಗೆ ಫೋನ್ ಮಾಡಿದರು. ಕಂಪ್ಯೂಟರ್ ಸ್ಲೋ ಆಗಿತ್ತು, ರೀಸ್ಟಾರ್ಟ್ ಕೊಟ್ಟೆ, ಈಗ ಅಲ್ಲಾಡ್ತಾನೇ ಇಲ್ಲ ಅಂತ. ಇವನು ಹೋದಾಗ ಜ್ವರ ಬಂದು ಒಳಗೆ ಮಲಗಿದ್ದರು. ಮಲಗಿದಲ್ಲಿಂದಲೇ ಹೇಳಿದರು, ನಾಲ್ಕು ದಿನದಿಂದ ಏನೋ ಬರೀತಾ ಇದೀನಿ, ಅದೊಂದು ಹೋಗದ ಹಾಗೆ ನೋಡ್ಕೋಪ್ಪ ಅಂತ.

ಸ್ಕ್ರೀನ್ ಮೇಲೆ ಸೂಚನೆ ಬಂದು ನಿಂತಿತ್ತು. ಒಂದು ಪ್ರೋಗ್ರಾಂ ಇನ್ನೂ ತೆರೆದಿದೆ, ಅದನ್ನ ಮುಚ್ಚೋವರೆಗೆ ರೀಸ್ಟಾರ್ಟ್ ಆಗಲ್ಲ. ಕೆಳಗೆ ಎರಡು ಬಟನ್. ವಾಪಸ್ ಹೋಗಿ ಸೇವ್ ಮಾಡಬಹುದು, ಇಲ್ಲಾ ಬಲವಂತವಾಗಿ ರೀಸ್ಟಾರ್ಟ್ ಮಾಡಬಹುದು. ಸೂಚನೆ ಹಿಂದೆ ಕಾಗದ ಮಸುಕಾಗಿ ಕಾಣ್ತಿತ್ತು. ಎರಡು ಪುಟ. ಮೊದಲ ಸಾಲಿನಲ್ಲಿ ಒಂದೇ ಮಾತು, 'ಅಕ್ಕಾ'.

ಇವನಿಗೆ ಇನ್ನೂ ಮೂರು ಮನೆ ಬಾಕಿ ಇತ್ತು. ವಾಪಸ್ ಹೋಗೋಕೆ ಒತ್ತಿದ, ಜಗ್ಗಲಿಲ್ಲ. ಇನ್ನೆರಡು ನಿಮಿಷ ಕಾದಿದ್ದರೆ ಜಗ್ಗುತ್ತಿತ್ತು, ಅದು ಅವನಿಗೂ ಗೊತ್ತು. ಕಾಯಲಿಲ್ಲ. ತಾನೇ ಸೇವ್ ಆಗಿರತ್ತೆ ಬಿಡು ಅಂತ ಬಲವಂತದ ಬಟನ್ ಒತ್ತಿಬಿಟ್ಟ. ಕಂಪ್ಯೂಟರ್ ಎದ್ದು ಕೂತಿತು. ಕಾಗದ ಇರಲಿಲ್ಲ. ಎಲ್ಲಾ ಕಡೆ ತಡಕಾಡಿದ, ಒಂದಕ್ಷರ ಸಿಗಲಿಲ್ಲ.

"ಇದೆಯೇನಪ್ಪಾ ನಾನು ಬರೆದದ್ದು?" ಅಂತ ಒಳಗಿಂದ ಕೇಳಿದರು.

"ಎಲ್ಲಾ ಇದೆ ಮೇಡಂ," ಅಂದ.

ಹುಷಾರಾದ ಮೇಲೆ ಪ್ರಿಂಟ್ ತೆಗೀತೀನಿ ಅಂದರಂತೆ. ಹುಷಾರಾಗಲೇ ಇಲ್ಲ. ಮೂರನೇ ದಿನ ಹೋಗಿಬಿಟ್ಟರು.

ಅಕ್ಕ ಬಂದರು. ತಂಗಿಯನ್ನ ನಡುಮನೆಯಲ್ಲಿ ಮಲಗಿಸಿದ್ದರು. ಬಾಗಿಲಲ್ಲೇ ನಿಂತು, ಅಲ್ಲಿಗೆ ಬಂದಿದ್ದ ಟೆಸ್ಟರ್‌ನ ಪಕ್ಕಕ್ಕೆ ಕರೆದರು. ಜ್ವರ ಬಂದು ಮಲಗೋಕೆ ಮುಂಚೆ ಯಾರಿಗೋ ಕಾಗದ ಬರೀತಿದ್ದಳು ಅಂತ ಪಕ್ಕದ ಮನೆಯವರು ಹೇಳಿದರು, ನನಗೇನಾದರೂ ಬರೆದಿದ್ದಾಳಾ ನೋಡ್ತೀಯಾ ಅಂದರು. ಇವನು ಕಂಪ್ಯೂಟರ್ ಹಾಕಿ, ಸುಮ್ನೆ ಐದು ನಿಮಿಷ ಮೌಸ್ ಆಡಿಸಿದ.

"ಏನೂ ಇಲ್ಲಮ್ಮ," ಅಂದ.

ಆ ಹೆಂಗಸು ತಲೆ ಆಡಿಸಿ, ಹೋಗಿ ಹೊರಗಡೆ ಮೆಟ್ಟಿಲ ಮೇಲೆ ಕೂತರು. ತಂಗಿಯನ್ನ ಎತ್ಕೊಂಡು ಹೋಗೋವರೆಗೂ ಒಳಗೆ ಬರಲಿಲ್ಲ. ಅವತ್ತಿಂದ ಇವನಿಗೆ ಊಟ ಸೇರ್ತಿರಲಿಲ್ಲ, ಹೆಂಡತಿ ಕೇಳಿದರೆ ಸಿಡುಕ್ತಿದ್ದ.

ತಿಂಗಳಾದ ಮೇಲೆ ಅಕ್ಕ ಆ ಮನೆ ಖಾಲಿ ಮಾಡ್ತಿದ್ದರು. ಕಂಪ್ಯೂಟರನ್ನ ಲೈಬ್ರರಿಗೇ ಕೊಡೋಣ ಅಂದ್ಕೊಂಡರೆ, ರೀಸ್ಟಾರ್ಟ್ ಕೊಟ್ಟ ಕೂಡಲೇ ಅದು ಹೆಪ್ಪುಗಟ್ಟಿ ನಿಲ್ತಿತ್ತು. ಮತ್ತೆ ಇವನಿಗೇ ಕರೆ. ಸಂಜೆಯಿಂದ ಕೂತ. ಪ್ರಿಂಟರ್ ವೈರ್ ಕಿತ್ತ, ಮೌಸ್ ಕಿತ್ತ. ರ್‍ಯಾಮ್ ತೆಗೆದು ರಬ್ಬರಿನಿಂದ ಉಜ್ಜಿ ಹಾಕಿದ. ಒಳಗಿನ ಚಿಕ್ಕ ಬ್ಯಾಟರಿ ಬದಲಾಯಿಸಿದ. ಆರಿಸಿ ಹಾಕಿದರೆ ಗುಂಯ್ ಅಂತ ಎದ್ದೇಳತ್ತೆ, ರೀಸ್ಟಾರ್ಟ್ ಅಂದರೆ ಮಾತ್ರ ಸತ್ತ ಹಾಗೆ. ಮನೆಗೆ ಒಯ್ದು ನೋಡ್ತೀನಿ ಅಂತ ಹೊತ್ಕೊಂಡು ಹೊರಟಿದ್ದೇ ಆ ಡಬ್ಬಿ.

ಬಾವಿ ದಾಟಿ ಓಡೋ ಹಾಗೆ ಮನೆ ಸೇರಿದ. ಫೈಲೆಲ್ಲಾ ಇರೋ ಹಳೇ ಡಿಸ್ಕ್ ಬಿಚ್ಚಿ ಬಿಸಾಕಿ, ಮೊದಲೇ ತಂದಿಟ್ಟಿದ್ದ ಹೊಚ್ಚ ಹೊಸ ಡಿಸ್ಕ್ ಹಾಕಿದ. ಎಲ್ಲಾ ಹೊಸದಾಗಿ ತುಂಬಿಸಿದ. ಅದರಲ್ಲಿ ಮೇಡಂದು ಅನ್ನೋದು ಧೂಳಿನಷ್ಟೂ ಇಲ್ಲ. ರೀಸ್ಟಾರ್ಟ್ ಕೊಟ್ಟ...

ನಿಂತಿತು. ಫ್ಯಾನ್ ಶಬ್ದವೂ ನಿಂತಿತು. ಸ್ಕ್ರೀನ್ ಮೇಲೆ ಅದೇ ಸೂಚನೆ. ಒಂದು ಪ್ರೋಗ್ರಾಂ ಇನ್ನೂ ತೆರೆದಿದೆ. ಯಾವ ಪ್ರೋಗ್ರಾಂ ಅನ್ನೋ ಜಾಗ ಖಾಲಿ. ಈ ಸಲ ಬಲವಂತದ ಬಟನ್ನೇ ಇರಲಿಲ್ಲ.

ಟಕ್... ಟಕ್ ಟಕ್...

ಹೆಂಡತಿ ಎದ್ದು ಬಂದಳು.

"ಏನ್ರೀ ಅದು?" ಪಿಸುಗುಟ್ಟಿದಳು.

"ಫ್ಯಾನು."

"ಫ್ಯಾನ್ ತಿರುಗ್ತಾನೇ ಇಲ್ವಲ್ರೀ..."

ಟೆಸ್ಟರ್ ವೈರ್ ಎಳೆದು, ಡಬ್ಬಿ ಎತ್ಕೊಂಡು, ಚಪ್ಪಲೀನೂ ಹಾಕದೆ ಹೊರಟ. ಮೇಡಂ ಮನೆಯಲ್ಲಿ ಇನ್ನೂ ದೀಪ ಉರೀತಿತ್ತು. ಅಕ್ಕ ಬಾಗಿಲು ತೆಗೆದರು. ಹೊಸಿಲ ಮೇಲೆ ನಿಂತೇ, ಒಂದೇ ಉಸಿರಿಗೆ ಎಲ್ಲಾ ಹೇಳಿದ. ಕಾಗದ ನಿಮಗೇ ಬರೆದದ್ದು, ಎರಡು ಪುಟ ಇತ್ತು, ನಾನೇ ಹಾಳು ಮಾಡಿದೆ, ಆಮೇಲೆ ಸುಳ್ಳು ಹೇಳಿದೆ. ತಪ್ಪಾಯ್ತಮ್ಮ ಅಂತ ಅತ್ತ.

ಅವರು ಬಯ್ಯಲಿಲ್ಲ. ಮೆಲ್ಲಗೆ ಅಂದರು:

"ಕಾಗದ ಹೋದರೆ ಹೋಗಲಿ. ಅವತ್ತೇ ಹೇಳಿದ್ದಿದ್ರೆ, ಅವಳ ಮುಖ ಮುಟ್ಟಿ ಕಳಿಸ್ತಿದ್ದೆ ನಾನು."

ಅಷ್ಟರಲ್ಲಿ ಒಳಗೆ... ಕರ್ರ್... ಸರ್... ಸರ್. ಮೂಲೆಯಲ್ಲಿದ್ದ ಪ್ರಿಂಟರ್. ಅದರ ವೈರ್ ಇವನೇ ಸಂಜೆ ಕಿತ್ತು ಸುತ್ತಿಟ್ಟಿದ್ದ. ಕಂಪ್ಯೂಟರ್ ಇವನ ಕೈಯಲ್ಲೇ ಇತ್ತು. ಎರಡು ಹಾಳೆ ಹೊರಗೆ ಬಂದು ಬಿದ್ದವು. ಡಬ್ಬಿ ಕೆಳಗಿಟ್ಟು ಇವನೇ ಹೋಗಿ ಎತ್ತಿಕೊಂಡ. ಬೆಚ್ಚಗಿದ್ದವು. ಎರಡೂ ಖಾಲಿ. ಅವರಿಗೆ ಕೊಟ್ಟ.

ಅಕ್ಕ ಕನ್ನಡಕ ಹಾಕ್ಕೊಂಡರು. ದೀಪದ ಕೆಳಗೆ ಕೂತು ಹಾಳೆ ಹಿಡಿದರು. ಅವರ ಕಣ್ಣು ಎಡದಿಂದ ಬಲಕ್ಕೆ, ಮತ್ತೆ ಎಡದಿಂದ ಬಲಕ್ಕೆ ಹೋಗೋದನ್ನ ಇವನು ನೋಡ್ತಾ ನಿಂತಿದ್ದ. ಮಧ್ಯೆ ಒಂದು ಕಡೆ ನಕ್ಕರು. ಎರಡನೇ ಹಾಳೆ ಮುಗಿಸೋ ಹೊತ್ತಿಗೆ ಕಣ್ಣು ಒರೆಸ್ಕೊಂಡರು.

ಕಂಪ್ಯೂಟರ್ ಆಮೇಲೆ ಏನೂ ತಕರಾರು ಮಾಡಲಿಲ್ಲ, ಈಗಲೂ ಲೈಬ್ರರಿಯಲ್ಲಿದೆ. ಬೇಕಾದರೆ ಹೋಗಿ ರೀಸ್ಟಾರ್ಟ್ ಕೊಟ್ಟು ನೋಡಿ. ನಾನು ಸುಳ್ಳು ಹೇಳ್ತಿಲ್ಲ. ಆ ಹಾಳೆಗಳನ್ನ ಅಕ್ಕ ನನ್ನ ಕೈಗೂ ಕೊಟ್ಟಿದ್ದರು, ಕಿಟಕಿ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದೀನಿ. ಬರೀ ಬಿಳೀ ಹಾಳೆ. ಟೆಸ್ಟರ್ ಒಂದೇ ಒಂದು ಸಲ ಧೈರ್ಯ ಮಾಡಿ, ಅದರಲ್ಲಿ ಏನಿದೆಯಮ್ಮ ಅಂತ ಕೇಳಿದನಂತೆ.

"ನಿನ್ನ ವಿಷಯನೂ ಒಂದು ಸಾಲು ಬರೆದಿದ್ದಾಳೆ," ಅಂದರಂತೆ ಅವರು. ಏನಂತ ಹೇಳಲಿಲ್ಲ.