ಎಜಿರ್ ಮಾಮ ನಿದ್ದೆ ಮಾಡಿರಲಿಲ್ಲ

ದೀಪ ಸಣ್ಣ ಮಾಡಿ, ಹೇಳ್ತೀನಿ. ನಮ್ಮ ದೊಡ್ಡಮ್ಮನ ಮಗಳು ಅರಬಾ ಅಕ್ಕನಿಗೆ ಆಗಿದ್ದು ಇದು. ಇಲ್ಲೇ, ನಮ್ಮ ಟಾಕೊರಾಡಿ ಊರಲ್ಲಿ.

ಕತ್ತಲಾದ ಮೇಲೆ ಅಕ್ಕ ಕೆಲಸದಿಂದ ನಡೆದು ಬರ್ತಿದ್ದಳು. ಕೈಯಲ್ಲಿ ಮೆಕ್ಕೆಜೋಳದ ಕೆಂಕೆ ಉಂಡೆ, ಹುರಿದ ಮೀನು.

ಅವಳು ಲೋಹ ಪರೀಕ್ಷೆಯ ಲ್ಯಾಬಿನವಳು. ತಾಳೆಎಣ್ಣೆ ಗಿರಣಿಯ ಬಾಯ್ಲರ್ ಒಡೆದು, ಅದನ್ನ ನೋಡಿಕೊಳ್ತಿದ್ದ ಎಜಿರ್ ಮಾಮ ಬೆಂದು ಸತ್ತು ಎರಡು ತಿಂಗಳಾಗಿತ್ತು. ನಮಗೆಲ್ಲ ಗೊತ್ತಿದ್ದವನೇ. ‘ನಿದ್ದೆ ಹೊಡೆದ, ನೀರು ಬತ್ತಿ ಕೊಳವೆ ಸುಟ್ಟಿತು’ ಅಂದುಬಿಟ್ಟ ಮಾಲೀಕ. ಹೆಂಡತಿ ಮಕ್ಕಳನ್ನ ಗಿರಣಿ ಮನೆಯಿಂದ ಹೊರಗೆ ಹಾಕಿದ. ಆ ಮಕ್ಕಳು ಬೀದಿಗೆ ಬಂದರೆ ಬೇರೆ ಹುಡುಗರು ಗೊರಕೆ ಹೊಡೆದು ಆಡಿಕೊಳ್ತಿದ್ದರು.

ಒಡೆದ ಕೊಳವೆಯ ತುಂಡು ಅಕ್ಕನ ಮೇಜಿಗೆ ಬಂತು. ತುಕ್ಕಿನ ಮೇಲೆ ಲೇಸರ್ ಬೆಳಕು ಬಿಟ್ಟಳು. ಚದುರಿ ಬಂದ ಬೆಳಕು ಪರದೆ ಮೇಲೆ ಗೆರೆಯಾಗಿ ಏಳುತ್ತೆ. ಒಂದೊಂದು ಥರದ ತುಕ್ಕಿಗೂ ಅದರದೇ ಗೆರೆ. ಇದು ನೀರು ಬತ್ತಿ ಸುಟ್ಟಿದ್ದಲ್ಲ. ಉಪ್ಪುನೀರು ವರ್ಷಗಟ್ಟಲೆ ತಿಂದಿತ್ತು. ಕೊಳವೆ ಕಾಗದದಷ್ಟು ತೆಳ್ಳಗಾಗಿತ್ತು.

“ನಿದ್ದೆ ಅಂತಾನೇ ಬರಿಯಮ್ಮ,” ಅಂದ ಲ್ಯಾಬಿನ ಸಾಹೇಬ. “ಸತ್ತವನಿಗೇನು ನಷ್ಟ?”

ಬರೆದಳು. ಸಹಿಯನ್ನೂ ಹಾಕಿದಳು.

ಆ ರಾತ್ರಿ ಮನೆ ದಾರಿಯ ಬಾವಿ ಹತ್ರ ಬಂದಾಗ... ಸ್‌ಸ್‌ಸ್... ಹಬೆ ಸೋರುವ ಸದ್ದು. ನಿಂತಳು. ಸದ್ದೂ ನಿಂತಿತು. ಆಮೇಲೆ ಕಬ್ಬಿಣದ ಮೇಲೆ ಸ್ಪ್ಯಾನರ್ ಬಡಿದ ಹಾಗೆ... ಟಣ್... ಟಣ್...

ಕಿವಿ ಹತ್ರ ಬಿಸಿ ಉಸಿರು. ಎಜಿರ್ ಮಾಮನದೇ ದನಿ.

“ನಿದ್ದೆ ಮಾಡಿದ್ನಾ ನಾನು?”

“ಇಲ್ಲ ಮಾಮ...”

“ಮತ್ಯಾಕೆ ಬರೆದೆ?”

ಅಕ್ಕನಿಗೆ ಹೆದರಿಕೆಗಿಂತ ಸಿಟ್ಟೇ ಬಂತು. “ನನ್ನನ್ಯಾಕೆ ಕೇಳ್ತೀರಿ? ಹೋಗಿ ಆ ಮಾಲೀಕನ ಕತ್ತು ಹಿಡೀರಿ!”

“ಅವನು ನೋಡದೆ ಸುಳ್ಳು ಹೇಳಿದ. ನೀನು ನೋಡಿ ಹೇಳಿದೆ.”

ಅಷ್ಟೇ. ಅಕ್ಕ ಅಲ್ಲಿಂದಲೇ ಲ್ಯಾಬಿಗೆ ವಾಪಸ್ ಹೋದಳು. ಬೆಳಿಗ್ಗೆ ಕಾರ್ಮಿಕ ಅಧಿಕಾರಿಯ ಮೇಜಿನ ಮೇಲೆ ಆ ಗೆರೆಗಳ ಹಾಳೆ ಇಟ್ಟಳು. “ಮೊದಲು ಬರೆದಿದ್ದು ಸುಳ್ಳು. ಬರೆದವಳು ನಾನೇ.”

ಲ್ಯಾಬಿನ ಸಾಹೇಬ ಸಿಟ್ಟಿನಲ್ಲಿ ಕುಣಿದಾಡಿದ. “ಇನ್ನು ಯಾವ ಲ್ಯಾಬಿನಲ್ಲೂ ನಿನಗೆ ಕೆಲಸ ಸಿಗಬಾರದು, ಹಾಗೆ ಮಾಡ್ತೀನಿ!”

“ಮಾಡಿ. ಗೆರೆ ಬದಲಾಗಲ್ಲ.”

ಕೆಲಸ ಹೋಯ್ತು. ಗಿರಣಿಗೂ ಬೀಗ ಬಿತ್ತು. ತಪ್ಪು ಮಾಮನದಲ್ಲ ಅಂತ ಸರ್ಕಾರವೇ ಬರೆದುಕೊಟ್ಟಿತು. ಆ ಕಾಗದ ಹಿಡಿದು ನಾನೂ ಅಕ್ಕನೂ ಅವನ ಹೆಂಡತಿ ಹತ್ರ ಹೋದೆವು.

ಅಂಗಳದ ಹಗ್ಗದ ಮೇಲೆ ಮಾಮನ ಅಂಗಿ. ಅವನು ಸತ್ತ ವಾರ ಒಗೆದಿದ್ದಂತೆ, ಗಿರಣಿ ಮನೆ ಬಿಟ್ಟಾಗ ಹಸಿಯಾಗೇ ತಂದು ಇಲ್ಲಿ ಹಾಕಿದ್ದಂತೆ. “ಒಣಗ್ತಾನೇ ಇಲ್ಲ ಕಣಮ್ಮ,” ಅಂದಳು ಅವಳು.

ಮೂರು ತಿಂಗಳ ಬಿಸಿಲು! ನೀವು ನಂಬಿ, ಬಿಡಿ... ಈ ಕೈಯಲ್ಲೇ ಹಿಂಡಿದೀನಿ. ಬಿಸಿ ನೀರು ಇಳಿಯಿತು, ಬಾಯ್ಲರಿನದರ ಹಾಗೆ.